ಫಿಲ್ಟರ್ ಕಾಫಿ ಕ್ಯಾಂಡಲ್: ಕೊನೆವರೆಗೂ ಉರಿಸಿ ನೋಡದೆ ಮಾರಬೇಡಿ

ತುಳಸಿ ಹಬ್ಬದ ರಾತ್ರಿ ಒಂಬತ್ತೂವರೆಗೆ ವಾಟ್ಸಾಪ್‌ನಲ್ಲಿ ಒಂದು ಫೋಟೊ ಬಂತು. ದೇವರ ಮಂಟಪದ ಹಲಗೆ ಮೇಲೆ ಅಂಗೈ ಅಗಲದ ಕಪ್ಪು ಕಲೆ. ಸುತ್ತ ಚೆಲ್ಲಿ ಗಟ್ಟಿಯಾದ ಮೇಣ, ಎರಡು ಹೋಳಾದ ಗಾಜಿನ ಲೋಟ, ಇದ್ದಿಲಾದ ನಾಲ್ಕೈದು ಕಾಫಿ ಬೀಜ. ಗೋಡೆಯ ಕ್ಯಾಲೆಂಡರಿನ ಕೆಳತುದಿ ಸುಟ್ಟು ಮುದುರಿತ್ತು. ಫೋಟೊ ಕೆಳಗೆ ಒಂದೇ ಸಾಲು: "ಇದು ನೀವು ಮಾಡಿದ್ದೇ ಅಲ್ವಾ?"

ಹೌದು, ನಾನೇ ಮಾಡಿದ್ದು. ಐವತ್ತು ಮಾಡಿದ್ದೆ.

ಹನುಮಂತನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ ನಮ್ಮದು. ಅಡುಗೆಮನೆಯಲ್ಲೇ ಒಂದು ವರ್ಷದಿಂದ ಹವ್ಯಾಸಕ್ಕೆ ಅಂತ ಕ್ಯಾಂಡಲ್ ಮಾಡುತ್ತಿದ್ದೆ. ಗೆಳತಿಯರಿಗೆ ಕೊಟ್ಟೆ, ಅವರ ಅಪಾರ್ಟ್‌ಮೆಂಟಿನ ದೀಪಾವಳಿ ಸ್ಟಾಲಿನಲ್ಲಿ ಇಪ್ಪತ್ತು ಮಾರಿದೆ. ತಲೆ ತಿರುಗೋದಕ್ಕೆ ಅಷ್ಟು ಸಾಕು. ಆಗಲೇ ಹೊಳೆದದ್ದು ಫಿಲ್ಟರ್ ಕಾಫಿ ಕ್ಯಾಂಡಲ್. ದರ್ಶಿನಿಯಲ್ಲಿ ಬೈಟು ಕಾಫಿ ಕೊಡುತ್ತಾರಲ್ಲ, ಅಂಥದೇ ಗಾಜಿನ ಲೋಟ. ಒಳಗೆ ಕಂದು ಮೇಣ, ಮೇಲೆ ನೊರೆಯ ಹಾಗೆ ಬಿಳಿ ಮೇಣ, ಅದರ ಮೇಲೆ ಏಳೆಂಟು ಹುರಿದ ಕಾಫಿ ಬೀಜ. ಲೋಟ ಚಿಕ್ಕಪೇಟೆಯಿಂದ ಡಜನ್ ಲೆಕ್ಕದಲ್ಲಿ ತಂದೆ, ಬೀಜ ಗಾಂಧಿ ಬಜಾರಿನಿಂದ. ನೋಡಿದವರೆಲ್ಲ ಮೊದಲು ಮೂಗಿನ ಹತ್ತಿರ ಹಿಡಿಯುತ್ತಿದ್ದರು, ಆಮೇಲೆ ಬೆಲೆ ಕೇಳುತ್ತಿದ್ದರು.

ಒಬ್ಬರು ಗೃಹಪ್ರವೇಶಕ್ಕೆ ಐವತ್ತು ಬೇಕು ಅಂದರು. ತಾಂಬೂಲದ ಜೊತೆ ಕೊಡೋದಕ್ಕೆ. ಒಂದಕ್ಕೆ 160 ರೂಪಾಯಿ, ಒಟ್ಟು 8,000. ಕೈಯಲ್ಲಿ ಐದು ದಿನ ಇತ್ತು. ಒಪ್ಪಿಕೊಂಡೆ.

ಟೆಸ್ಟ್ ಮಾಡಲಿಲ್ಲವಾ ಅಂತ ಕೇಳುತ್ತೀರಿ. ಮಾಡಿದೆ. ತಪ್ಪಿರೋದೇ ಅಲ್ಲಿ.

ಮೊದಲು ಒಂದು ಲೋಟ ಮಾಡಿ ಮಾರನೇ ದಿನ ಹಚ್ಚಿದೆ. ಒಂದೂವರೆ ಗಂಟೆ ಉರಿಯಿತು. ಬತ್ತಿಯ ಸುತ್ತ ಮಾತ್ರ ಕರಗಿ ಬಾವಿಯಂತೆ ಗುಂಡಿ ಬಿತ್ತು, ಅಂಚಿನ ಮೇಣ ಹಾಗೇ ಉಳಿಯಿತು. ವಾಸನೆಯೂ ಜಾಸ್ತಿ ಬರಲಿಲ್ಲ. ಬತ್ತಿ ಸಣ್ಣದಾಯಿತು ಅಂದುಕೊಂಡು ಎರಡು ಸೈಜ್ ದಪ್ಪದ್ದು ಹಾಕಿದೆ. ಮತ್ತೆ ಒಂದೂವರೆ ಗಂಟೆ ಉರಿಸಿದೆ. ಈ ಸಲ ಅಂಚಿನವರೆಗೆ ಕರಗಿತು, ಮನೆ ತುಂಬಾ ಕಾಫಿ ಘಮ. ಸೈ ಅಂತ ಆರಿಸಿ, ಐವತ್ತಕ್ಕೂ ಅದೇ ಬತ್ತಿ ಹಾಕಿದೆ. ಆ ಲೋಟದಲ್ಲಿ ಇನ್ನೂ ಮುಕ್ಕಾಲು ಪಾಲು ಮೇಣ ಇತ್ತು. ಅದು ಹೇಗೆ ಉರಿಯುತ್ತೆ ಅಂತ ನಾನು ನೋಡಲೇ ಇಲ್ಲ.

ಈಗ ಗೊತ್ತಾಗಿರೋದನ್ನು ಹೇಳುತ್ತೇನೆ. ಅಂಚಿನವರೆಗೆ ಕರಗೋದಕ್ಕೆ ಲೋಟದ ಅಗಲದಲ್ಲಿ ಇಂಚಿಗೆ ಸುಮಾರು ಒಂದು ಗಂಟೆ ಬೇಕು. ನನ್ನ ಲೋಟದ ಬಾಯಿ ಎರಡೂವರೆ ಇಂಚು. ಒಂದೂವರೆ ಗಂಟೆಗೇ ಆರಿಸಿದರೆ ಸರಿಯಾದ ಬತ್ತಿಯೂ ಗುಂಡಿ ತೋಡುತ್ತೆ. ಅಂದರೆ ಮೊದಲ ಬತ್ತಿಯೇ ಸರಿ ಇತ್ತೇನೋ! ಸೋಯಾ ಮೇಣ ಹೊಯ್ದ ಮೇಲೆ ಒಂದೆರಡು ವಾರ ಹಾಗೇ ಬಿಡಬೇಕು, ಆಗಲೇ ಅದರ ನಿಜವಾದ ಉರಿ, ವಾಸನೆ ತಿಳಿಯೋದು. ನಾನು ಒಂದು ದಿನ ಬಿಟ್ಟಿದ್ದೆ.

ಇನ್ನೊಂದು ಸಂಗತಿ ಇಡೀ ವರ್ಷ ಕಣ್ಣೆದುರೇ ಇದ್ದರೂ ತಲೆಗೆ ಹೋಗಿರಲಿಲ್ಲ. ದರ್ಶಿನಿ ಲೋಟ ಮೇಲೆ ಅಗಲ, ಕೆಳಗೆ ಕಿರಿದು. ಬಾಯಿಯ ಅಗಲಕ್ಕೆ ಸರಿಹೋಗುವ ಬತ್ತಿ ತಳಕ್ಕೆ ಬರುವ ಹೊತ್ತಿಗೆ ವಿಪರೀತ ದೊಡ್ಡದಾಗಿರುತ್ತೆ. ಮೇಣ ಕಡಿಮೆ, ಗಾಜು ಹತ್ತಿರ, ಉರಿ ಮಾತ್ರ ಅಷ್ಟೇ.

ಬಿಸಿ ಕಾಫಿ ತಡೆಯುವ ಲೋಟಕ್ಕೆ ಒಂದು ಪುಟ್ಟ ದೀಪ ಯಾವ ಲೆಕ್ಕ ಅಂತ ಧೈರ್ಯವಾಗಿದ್ದೆ. ಕಾಫಿ ಲೋಟದ ತುಂಬಾ ಒಂದೇ ಸಮ ಬಿಸಿ ಕೊಡುತ್ತೆ, ಹತ್ತು ನಿಮಿಷಕ್ಕೆ ಆರುತ್ತೆ. ಕ್ಯಾಂಡಲ್‌ನ ಜ್ವಾಲೆ ಸಾವಿರ ಡಿಗ್ರಿ ದಾಟುತ್ತೆ, ತಳದಲ್ಲಿ ಒಂದೇ ಜಾಗವನ್ನು ಗಂಟೆಗಟ್ಟಲೆ ಕಾಯಿಸುತ್ತೆ. ಒಂದು ಕಡೆ ಕಾದು ಪಕ್ಕದಲ್ಲೇ ತಣ್ಣಗಿದ್ದರೆ ಗಾಜು ಸೀಳುತ್ತೆ. ಅಮೆರಿಕದಲ್ಲಿ ಕ್ಯಾಂಡಲ್‌ಗೆ ಬಳಸುವ ಗಾಜಿಗೇ ಅಂತ ಎಎಸ್‌ಟಿಎಂ ಎಫ್ 2179 ಅನ್ನುವ ಮಾನದಂಡ ಇದೆ. ಕಾಫಿ ಕುಡಿಯೋ ಲೋಟ ಮಾಡಿದವನು ಅದನ್ನೆಲ್ಲ ಯಾಕೆ ಯೋಚಿಸುತ್ತಾನೆ?

ಬೀಜದ ಕಥೆ ಇನ್ನೂ ಕೆಟ್ಟದ್ದು. ಹುರಿದ ಕಾಫಿ ಬೀಜ ಹಗುರ, ಕರಗಿದ ಮೇಣದ ಮೇಲೆ ತೇಲುತ್ತೆ. ಮೇಣ ಇಳಿದಂತೆಲ್ಲ ಅವೂ ಇಳಿದು, ಕಿರಿದಾದ ಜಾಗದಲ್ಲಿ ಬತ್ತಿಯ ಸುತ್ತ ಗುಂಪಾಗುತ್ತವೆ. ಅಷ್ಟರಲ್ಲಿ ಮೇಣ ಹೀರಿರುತ್ತವೆ. ಒಂದಕ್ಕೆ ಉರಿ ತಗುಲಿದರೆ ಅದೇ ಒಂದು ಬತ್ತಿ. ಒಂದು ಬತ್ತಿಯ ಲೋಟದಲ್ಲಿ ಐದು ಬತ್ತಿ ಉರಿದರೆ ಹೇಗಿರುತ್ತೆ ಯೋಚಿಸಿ. ಒಣಗಿಸಿದ ಗುಲಾಬಿ ಎಸಳು, ಚಕ್ಕೆ, ಕಿತ್ತಳೆ ಸಿಪ್ಪೆ ಅಂತ ಚಂದಕ್ಕೆ ಹಾಕುತ್ತಾರಲ್ಲ, ಎಲ್ಲದರದ್ದೂ ಇದೇ ಹಣೆಬರಹ.

ಸಾಲದ್ದಕ್ಕೆ ಸುಗಂಧದ ಎಣ್ಣೆ. ಕೆಜಿ ಮೇಣಕ್ಕೆ 100 ಗ್ರಾಂ ಮೀರಬಾರದು ಅಂತ ಮೇಣದ ಚೀಲದ ಮೇಲೇ ಅಚ್ಚಾಗಿತ್ತು. ವಾಸನೆ ಸಾಲದು ಅನ್ನಿಸಿ 150 ಹಾಕಿದ್ದೆ. ಹೆಚ್ಚಾದ ಎಣ್ಣೆ ಮೇಣದಲ್ಲಿ ಬೆರೆಯೋದಿಲ್ಲ, ಬೆವರಿನಂತೆ ಮೇಲೆ ಬರುತ್ತೆ. ಅದೂ ಉರಿಯುವ ವಸ್ತುವೇ.

ಇನ್ನು ಆ ಮನೆಯಲ್ಲಿ ಆದದ್ದು. ಗೃಹಪ್ರವೇಶಕ್ಕೆ ಹೋಗಿದ್ದ ಬನಶಂಕರಿ ಕಡೆಯ ಒಂದು ಕುಟುಂಬ. ಅವರ ಮನೆಯ ಅಜ್ಜಿ ನನ್ನ ಕ್ಯಾಂಡಲ್ಲನ್ನು ದೇವರ ಮುಂದೆ ಇಟ್ಟಿದ್ದರು. ಕಾರ್ತಿಕ ಮಾಸ, ಸಂಜೆ ದೀಪ ಹಚ್ಚಬೇಕು, ಮನೆಯಲ್ಲಿ ಹೊಸ ದೀಪ ಇದೆ. ಇಡುವುದು ಸಹಜವೇ. ನಾನು ಲೋಟದ ತಳಕ್ಕೆ "ನಾಲ್ಕು ಗಂಟೆಗಿಂತ ಹೆಚ್ಚು ಉರಿಸಬೇಡಿ" ಅಂತ ಚೀಟಿ ಅಂಟಿಸಿದ್ದೆ, ಅದೂ ಇಂಗ್ಲಿಷಿನಲ್ಲಿ. ದೇವರ ಮುಂದಿನ ದೀಪವನ್ನು ಬಾಯಿಂದ ಊದಿ ಆರಿಸೋದು ನಮ್ಮ ಎಷ್ಟು ಮನೆಗಳಲ್ಲಿ ಉಂಟು? ಮೊದಲ ಎರಡು ಸಂಜೆ ಅವರ ಮಗ ಮಲಗುವ ಮುಂಚೆ ಆರಿಸಿದ್ದನಂತೆ. ತುಳಸಿ ಹಬ್ಬದ ದಿನ ಮಾತ್ರ ಅಜ್ಜಿ, "ಇವತ್ತು ಮುಟ್ಟಬೇಡ, ತಾನಾಗಿ ಶಾಂತವಾಗಲಿ" ಅಂದರಂತೆ. ಲೋಟದಲ್ಲಿ ಇದ್ದದ್ದೇ 80 ಗ್ರಾಂ ಮೇಣ. ದಪ್ಪ ಬತ್ತಿಗೆ ಗಂಟೆಗೆ ಏಳು ಗ್ರಾಂ ಹೋದರೂ ಮೂರನೇ ಸಂಜೆಗೆ ತಳ ಕಾಣಲೇಬೇಕು.

ಒಂಬತ್ತರ ಹೊತ್ತಿಗೆ ಲೋಟದ ತುಂಬಾ ಬೆಂಕಿ. ಜ್ವಾಲೆ ಲೋಟದ ಬಾಯಿಂದ ಗೇಣುದ್ದ ಮೇಲೆದ್ದು ಕ್ಯಾಲೆಂಡರಿಗೆ ತಾಗಿತ್ತು. ಅಜ್ಜಿ ಯಾರಾದರೂ ಮಾಡುವುದನ್ನೇ ಮಾಡಿದರು. ಪಕ್ಕದ ತಂಬಿಗೆಯ ನೀರು ಸುರಿದರು.

ಇದನ್ನು ಮಾತ್ರ ದಯವಿಟ್ಟು ನೆನಪಿಡಿ. ಉರಿಯುವ ಮೇಣಕ್ಕೆ ನೀರು ಹಾಕಬಾರದು. ನೀರು ಮೇಣಕ್ಕಿಂತ ಭಾರ, ಕೆಳಗೆ ಇಳಿಯುತ್ತೆ. ಅಲ್ಲಿನ ಕಾವಿಗೆ ಕ್ಷಣದಲ್ಲಿ ಆವಿಯಾಗುತ್ತೆ. ಆವಿಯಾದ ನೀರು ಸಾವಿರದ ಆರುನೂರು ಪಟ್ಟಿಗಿಂತ ಜಾಸ್ತಿ ಹಿಗ್ಗುತ್ತೆ. ಮೇಲಿದ್ದ ಮೇಣವನ್ನೆಲ್ಲ ಉರಿಯುತ್ತಿರುವ ಹಾಗೇ ಎತ್ತಿ ಎರಚುತ್ತೆ. ಒಗ್ಗರಣೆಗೆ ನೀರಿನ ಹನಿ ಬಿದ್ದರೆ ಚಟಪಟ ಅನ್ನುತ್ತಲ್ಲ, ಅದರ ನೂರರಷ್ಟು. ಅಜ್ಜಿಯ ಮುಂಗೈ ಮೇಲೆ ಎರಡು ಕಡೆ ಮೇಣ ಬಿತ್ತು. ಗಾಜೂ ಅದೇ ಹೊತ್ತಿಗೆ ಸೀಳಿತು. ಮಗ ಓಡಿ ಬಂದು ಇಡ್ಲಿ ಪಾತ್ರೆಯ ಮುಚ್ಚಳ ಕವುಚಿದ್ದಕ್ಕೆ ಬೆಂಕಿ ಅಲ್ಲಿಗೇ ನಿಂತಿತು. ಗಾಳಿ ಸಿಗದಿದ್ದರೆ ಉರಿ ಸಾಯುತ್ತೆ. ಒಲೆ ಮೇಲೆ ಮೇಣ ಹೊತ್ತಿಕೊಂಡರೂ ಅಷ್ಟೇ: ಗ್ಯಾಸ್ ಬಂದ್ ಮಾಡಿ ಮುಚ್ಚಳ ಹಾಕಿ, ಪಾತ್ರೆಯನ್ನು ಎತ್ತಿಕೊಂಡು ಓಡಬೇಡಿ.

ಗಾಯಕ್ಕೆ ಮನೆಯವರು ಅರಿಶಿನ ಮೆತ್ತಿದ್ದರು. ಡಾಕ್ಟರ್ ಅದನ್ನೆಲ್ಲ ತೊಳೆದು ತೆಗೆಯುವಾಗ ಅಜ್ಜಿಗೆ ಸುಟ್ಟದ್ದಕ್ಕಿಂತ ಹೆಚ್ಚು ನೋವಾಯಿತಂತೆ. ಇಪ್ಪತ್ತು ನಿಮಿಷ ನಲ್ಲಿ ನೀರಿನ ಕೆಳಗೆ ಕೈ ಹಿಡಿಯಬೇಕಿತ್ತು, ಅಂಟಿದ ಮೇಣವನ್ನು ಕಿತ್ತು ಎಳೆಯಬಾರದಿತ್ತು. ಇದನ್ನೂ ನಾನು ಚೀಟಿಯಲ್ಲಿ ಬರೆದಿರಲಿಲ್ಲ. ಮೂರು ವಾರಕ್ಕೆ ಗಾಯ ಮಾಯಿತು. ಕಲೆ ಉಳಿದಿದೆ. ನಾನು ಹೋದಾಗ ಅಜ್ಜಿ ನನಗೇ ಕಾಫಿ ಮಾಡಿಸಿ ಕೊಟ್ಟರು, ಸ್ಟೀಲ್ ಲೋಟದಲ್ಲಿ. ಅವರು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮಾರನೇ ದಿನದಿಂದ ವಾಪಸ್ ತರೋ ಕೆಲಸ. ಗೃಹಪ್ರವೇಶದವರಿಗೆ ಪೂರ್ತಿ ದುಡ್ಡು ಹಿಂದಿರುಗಿಸಿ, ಬಂದವರ ಪಟ್ಟಿ ಕೇಳಿದೆ. ಅವರ ಮನೆಯಲ್ಲೇ ಹನ್ನೆರಡು ಉಳಿದಿದ್ದವು. ಮಿಕ್ಕದ್ದಕ್ಕೆ ಸ್ಕೂಟರಿನಲ್ಲಿ ರಾಜರಾಜೇಶ್ವರಿನಗರ, ಯಲಹಂಕ, ಎಚ್‌ಎಸ್‌ಆರ್ ಅಂತ ಸುತ್ತಿದೆ. ಒಬ್ಬರು, "ಹಚ್ಚೋದಿಲ್ಲಮ್ಮ, ಬೀರುವಿನಲ್ಲಿ ವಾಸನೆಗೆ ಇಟ್ಟಿದ್ದೀನಿ" ಅಂತ ಕೊಡಲು ಒಪ್ಪಲೇ ಇಲ್ಲ, ಬೇಡಿಕೊಂಡು ತಂದೆ. ಮಲ್ಲೇಶ್ವರದ ಒಂದು ಮನೆಯಲ್ಲಿ ಮೇಣ ಕೆರೆದು ಬಿಸಾಕಿ, ಅದೇ ಲೋಟದಲ್ಲಿ ಟೀ ಕುಡಿಯುತ್ತಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆರು ಮನೆಯಲ್ಲಿ ಪೂರ್ತಿ ಉರಿದು ಏನೂ ಆಗಿರಲಿಲ್ಲ. "ಚೆನ್ನಾಗಿತ್ತು, ಇನ್ನೂ ಇದೆಯಾ?" ಅಂತಲೂ ಒಬ್ಬರು ಕೇಳಿದರು. ಈ ಆರರ ಮಾತು ಕೇಳಿದ್ದರೆ ನಾನು ಇವತ್ತಿಗೂ ಅದನ್ನೇ ಮಾರುತ್ತಿದ್ದೆ.

ವಾಪಸ್ ಬಂದವುಗಳಲ್ಲಿ ಆರನ್ನು ಬಚ್ಚಲಮನೆಯ ನೆಲದಲ್ಲಿ, ಮರಳು ತುಂಬಿದ ಸ್ಟೀಲ್ ತಟ್ಟೆಯಲ್ಲಿಟ್ಟು ತಳದವರೆಗೆ ಉರಿಸಿದೆ. ಒಂದು ಸಲಕ್ಕೆ ನಾಲ್ಕು ಗಂಟೆ, ಆಮೇಲೆ ತಣ್ಣಗಾಗಲು ಬಿಡೋದು, ಮತ್ತೆ ಹಚ್ಚೋದು, ಪಕ್ಕದಲ್ಲೇ ಕೂತು ಬರೆದುಕೊಳ್ಳೋದು. ನಾಲ್ಕರಲ್ಲಿ ಬೀಜಕ್ಕೆ ಬೆಂಕಿ ಹತ್ತಿತು. ಎರಡು ಲೋಟ ಸೀಳಿದವು. ಅಷ್ಟೂ ಆದದ್ದು ಕೊನೆಯ ಎರಡು ಬೆರಳಿನಷ್ಟು ಮೇಣ ಉಳಿದಾಗ. ಮೊದಲ ಸುತ್ತಿನಲ್ಲಿ ಆರೂ ಎಷ್ಟು ಚಂದ ಉರಿದವು ಗೊತ್ತಾ!

ಈಗ ಮಾಡುವುದು ಕಡಿಮೆ. ಬೀಜ ಇಲ್ಲ, ಲೋಟ ಇಲ್ಲ, ನೇರ ಗೋಡೆಯ ತಗಡಿನ ಡಬ್ಬಿ. ಎಣ್ಣೆ ತಕ್ಕಡಿಯಲ್ಲಿ ತೂಗಿ ಕೆಜಿಗೆ 80 ಗ್ರಾಂ. ಬತ್ತಿ ಕೂರಿಸುವ ತಗಡಿನ ಬಿಲ್ಲೆಯಲ್ಲಿ ಕತ್ತು ಉದ್ದ ಇರೋದು ಸಿಗುತ್ತೆ. ಅದನ್ನು ಹಾಕಿದರೆ ತಳದಲ್ಲಿ ಒಂದಿಷ್ಟು ಮೇಣ ಇರುವಾಗಲೇ ಬತ್ತಿಗೆ ಮೇಣ ಎಟುಕದೆ ಉರಿ ತಾನಾಗಿ ನಿಲ್ಲುತ್ತೆ. ಊದಿ ಆರಿಸದ ಮನೆಗಳಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಚೀಟಿ ಕನ್ನಡದಲ್ಲಿದೆ: ಬತ್ತಿ ಆರು ಮಿಲಿಮೀಟರಿಗೆ ಕತ್ತರಿಸಿ, ಹತ್ತಿರ ಪರದೆ ಕ್ಯಾಲೆಂಡರ್ ಬೇಡ, ಮುಚ್ಚಳ ಹಾಕಿ ಆರಿಸಿ, ನೀರು ಹಾಕಬೇಡಿ. ಯಾವುದೊಂದು ಬದಲಾದರೂ, ಬರೀ ಬಣ್ಣ ಬದಲಾದರೂ, ಮತ್ತೆ ಒಂದನ್ನು ತಳದವರೆಗೆ ಉರಿಸುತ್ತೇನೆ. ಐದು ದಿನದಲ್ಲಿ ಐವತ್ತು ಬೇಕು ಅಂದವರಿಗೆ ಆಗೋದಿಲ್ಲ ಅನ್ನುತ್ತೇನೆ.

ಐವತ್ತರಲ್ಲಿ ಒಂಬತ್ತರ ಲೆಕ್ಕ ಇನ್ನೂ ಸಿಕ್ಕಿಲ್ಲ. ಯಾರೋ ಯಾರಿಗೋ ದಾಟಿಸಿರಬಹುದು, ತಾಂಬೂಲದ ಸಾಮಾನು ಹಾಗೆ ಕೈ ಬದಲಾಗುತ್ತಲ್ಲ. ಕಂದು ಮೇಣ, ಮೇಲೆ ಬಿಳಿ ನೊರೆ, ಏಳೆಂಟು ಕಾಫಿ ಬೀಜ, ಲೋಟದ ಕತ್ತಿಗೆ ಸೆಣಬಿನ ದಾರ. ಬೆಂಗಳೂರಿನಲ್ಲಿ ಎಲ್ಲಾದರೂ ನಿಮ್ಮ ಕಣ್ಣಿಗೆ ಬಿದ್ದರೆ, ಹಚ್ಚಬೇಡಿ.