ಮನೆಬೆಕ್ಕು ಹೊರಗೆ ಜಾರಿದಾಗ: ಕೂಗು, ಟಾರ್ಚು, ಮೀನು, ಬೋನು

ಮನೆಯೊಳಗೇ ಬೆಳೆದ ಬೆಕ್ಕೊಂದು ಬಾಗಿಲ ಸಂದಿಯಿಂದ ನುಸುಳಿ ಬೀದಿಗೆ ಬಿದ್ದರೆ, ಅದನ್ನು ಮರಳಿ ತರುವ ಉಪಾಯ ಹೇಳುವವರಿಗೆ ಅಕ್ಕಪಕ್ಕದಲ್ಲಿ ಕೊರತೆಯಿರುವುದಿಲ್ಲ. ಹೆಸರು ಹಿಡಿದು ಕೂಗಿ ಎನ್ನುವವರು, ಬಾಗಿಲಲ್ಲಿ ಮೀನು ಇಡಿ ಎನ್ನುವವರು, ಅದು ಮಲಮೂತ್ರಕ್ಕೆ ಬಳಸಿದ ಮರಳನ್ನು ಗೇಟಿನ ಬಳಿ ಸುರಿಯಿರಿ ಎನ್ನುವವರು, ಸುಮ್ಮನಿರಿ, ಹಸಿವಾದರೆ ತಾನಾಗಿಯೇ ಬರುತ್ತದೆ ಎನ್ನುವವರು, ಎಲ್ಲರೂ ಒಂದೇ ಬಗೆಯ ವಿಶ್ವಾಸದಿಂದ ಮಾತನಾಡುತ್ತಾರೆ. ನಮ್ಮ ಮನೆ ಇರುವುದು ದಕ್ಷಿಣ ಬೆಂಗಳೂರಿನಲ್ಲಿ, 30-40 ಅಡಿ ನಿವೇಶನಗಳು ಒತ್ತೊತ್ತಾಗಿ ತುಂಬಿಕೊಂಡಿರುವ ಬಡಾವಣೆಯಲ್ಲಿ. ಅಲ್ಲಿ ನಮ್ಮ ಎರಡು ಬೆಕ್ಕುಗಳು ಬೇರೆ ಬೇರೆ ವರ್ಷಗಳಲ್ಲಿ ಹೀಗೆ ಹೊರಬಿದ್ದವು. ಆದ್ದರಿಂದ ಇದೇ ಉಪಾಯಗಳನ್ನು ಎರಡು ಭಿನ್ನ ಸ್ವಭಾವಗಳ ಮೇಲೆ ಪ್ರಯೋಗಿಸಿ ನೋಡುವ ಅವಕಾಶ, ನಾನು ಬೇಡದೆಯೇ, ನನಗೆ ಒದಗಿತು.

ಸ್ವಭಾವದ ಮಾತನ್ನು ಮೊದಲೇ ಹೇಳಬೇಕು, ಏಕೆಂದರೆ ಮುಂದಿನ ತೀರ್ಮಾನಗಳೆಲ್ಲ ಅದರ ಮೇಲೆಯೇ ನಿಂತಿವೆ. ಗುಂಡ ಹಳದಿ ಪಟ್ಟೆಗಳ ಗಂಡು. ನಲ್ಲಿ ರಿಪೇರಿಗೆ ಬಂದವರ ಚೀಲದೊಳಗೂ ತಲೆ ತೂರಿಸುವಷ್ಟು ಸಲಿಗೆ ಅವನದು. ಗ್ಯಾಸ್ ಸಿಲಿಂಡರ್ ಒಳಗೆ ಬರುತ್ತಿದ್ದಾಗ ಅವನು ನಿಧಾನವಾಗಿ ಹೊರಗೆ ನಡೆದುಹೋದ. ಇನ್ನೊಂದರ ಹೆಸರು ನೀಲಿ, ಬೂದುಬಣ್ಣದ ಹೆಣ್ಣು. ಕರೆಗಂಟೆ ಬಾರಿಸಿದರೆ ಸಾಕು, ಮಂಚದಡಿ ಸೇರುತ್ತಾಳೆ. ಒಂದು ದೀಪಾವಳಿಯ ಸಂಜೆ ಕಿಟಕಿಯ ಹತ್ತಿರವೇ ಸಿಡಿದ ಪಟಾಕಿಗೆ ಬೆದರಿ, ಬಾಲ್ಕನಿಯ ಬಲೆಯನ್ನು ಹರಿದುಕೊಂಡು ಚಜ್ಜದ ಮೇಲೆ ಹಾರಿ ಕಾಣೆಯಾದಳು. ಕುತೂಹಲದಿಂದ ಹೋದ ಬೆಕ್ಕು ನಡೆಯುತ್ತಾ ಹೋಗುತ್ತದೆ, ಭಯದಿಂದ ಹೋದ ಬೆಕ್ಕು ಸಿಕ್ಕಿದ ಮೊದಲ ಸಂದಿಯಲ್ಲಿ ಅಡಗುತ್ತದೆ. ಉಪಾಯಗಳನ್ನು ಹೋಲಿಸುವವರು ಈ ವ್ಯತ್ಯಾಸವನ್ನು ಬಿಟ್ಟು ಹೋಲಿಸಿದರೆ ಆ ಹೋಲಿಕೆಯಿಂದ ಯಾರಿಗೂ ಪ್ರಯೋಜನವಿಲ್ಲ.

ಕೂಗುವುದನ್ನು ಮೊದಲು ನೋಡೋಣ, ಎಲ್ಲರೂ ಮೊದಲು ಮಾಡುವುದು ಅದನ್ನೇ. ನಮ್ಮ ದನಿ ಬೆಕ್ಕಿಗೆ ಕೇಳಿಸಲಿಲ್ಲವೇನೋ ಎಂಬ ಅನುಮಾನಕ್ಕೆ ಎಡೆಯಿಲ್ಲ. ಮನುಷ್ಯನ ಶ್ರವಣ ಸುಮಾರು 20 ಕಿಲೋಹರ್ಟ್ಸ್‌ಗೆ ನಿಂತುಹೋಗುವಲ್ಲಿ ಬೆಕ್ಕಿನದು ಸುಮಾರು 85 ಕಿಲೋಹರ್ಟ್ಸ್‌ವರೆಗೆ ಚಾಚುತ್ತದೆ, ಪಕ್ಕದ ಕಾಂಪೌಂಡಿನಲ್ಲಿ ಕುಳಿತ ಬೆಕ್ಕಿಗೆ ನಮ್ಮ ಪಿಸುಮಾತೂ ಕೇಳಿಸುತ್ತಿರುತ್ತದೆ. ಜಪಾನಿನ ಅತ್ಸುಕೊ ಸೈತೊ ಮತ್ತು ಕಜುತಾಕ ಶಿನೊಜುಕ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಮನೆಬೆಕ್ಕುಗಳು ತಮ್ಮನ್ನು ಸಾಕಿದವರ ದನಿಯನ್ನು ಅಪರಿಚಿತರ ದನಿಯಿಂದ ಬೇರ್ಪಡಿಸಿ ಗುರುತಿಸಿದವು. ಆದರೆ ಆ ಗುರುತನ್ನು ಅವು ತೋರಿಸಿದ್ದು ಮುಖ್ಯವಾಗಿ ಕಿವಿ ಹೊರಳಿಸಿ, ತಲೆ ತಿರುಗಿಸಿ. ಓಗೊಟ್ಟೋ ಎದ್ದು ಬಂದೋ ಅಲ್ಲ. ಸ್ವಂತ ಮನೆಯಲ್ಲಿಯೇ ಇಷ್ಟು ಬಿಗುಮಾನದ ಪ್ರಾಣಿ ಪಟಾಕಿಯ ಹೊಗೆಯ ನಡುವೆ, ಬೀದಿನಾಯಿಗಳು ಬೊಗಳುತ್ತಿರುವಾಗ, ನಮ್ಮ ಕರೆಗೆ ಎದ್ದು ಬರುತ್ತದೆಯೆಂದು ನಿರೀಕ್ಷಿಸುವುದು ಹೆಚ್ಚಾಯಿತು.

ನೀಲಿಯ ವಿಷಯದಲ್ಲಿ ಕೂಗು ನಿಷ್ಪ್ರಯೋಜಕವಾಗಿತ್ತು ಎನ್ನುವುದಕ್ಕಿಂತ ಹಾನಿಕರವಾಗಿತ್ತು ಎನ್ನುವುದು ಸರಿ. ಮನೆಯವರೂ ನೆರೆಯವರೂ ಬೀದಿಯ ಎರಡೂ ತುದಿಗಳಿಂದ ಅವಳ ಹೆಸರು ಹಿಡಿದು ಕರೆಯುತ್ತಾ ಬಂದಾಗ, ಅವಳ ಪಾಲಿಗೆ ಅದು ಎರಡು ಕಡೆಯಿಂದಲೂ ಮುತ್ತಿಗೆಯಾಯಿತು. ಮುತ್ತಿಗೆಗೆ ಸಿಕ್ಕ ಪ್ರಾಣಿ ಇನ್ನಷ್ಟು ಒಳಕ್ಕೆ ಸರಿಯುತ್ತದೆ. ಇದಕ್ಕೆ ಹೋಲಿಸಿದರೆ ತಿಂಡಿ ಡಬ್ಬಿಯನ್ನು ಅಲ್ಲಾಡಿಸುವುದು ಮೇಲು, ಏಕೆಂದರೆ ಆ ಸದ್ದಿನಲ್ಲಿ ನಮ್ಮ ಆತಂಕ ಬೆರೆತಿರುವುದಿಲ್ಲ. ಅದಕ್ಕಿಂತಲೂ ಮೇಲೆಂದು ನಾನು ಕಂಡುಕೊಂಡದ್ದು ಒಂದೇ ಕಡೆ ನೆಲದ ಮೇಲೆ ಕುಳಿತು, ಅಡುಗೆಮನೆಯಲ್ಲಿ ಮಾತನಾಡುವ ದನಿಯಲ್ಲಿಯೇ ಏನನ್ನಾದರೂ ಮಾತನಾಡುತ್ತಿರುವುದು. ದಾರಿಹೋಕರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಬೆಕ್ಕು ಹತ್ತು ಅಡಿಯೊಳಗೆ ಇದೆಯೆಂದು ಖಚಿತವಾದ ಮೇಲೆ ಮಾತ್ರ ಈ ಕ್ರಮಕ್ಕೆ ಅರ್ಥವಿದೆ ಎಂಬುದನ್ನೂ ಸೇರಿಸಬೇಕು.

ಅದು ಎಲ್ಲಿದೆ ಎಂಬುದನ್ನು ತಿಳಿಯುವುದಕ್ಕೆ ಹಗಲಿನ ಹುಡುಕಾಟ, ರಾತ್ರಿಯ ಹುಡುಕಾಟ ಎಂಬ ಎರಡು ದಾರಿಗಳಿವೆ. ಹಗಲಿನಲ್ಲಿ ಎಲ್ಲವೂ ಕಾಣುತ್ತದೆ, ಬೆಕ್ಕೊಂದನ್ನು ಬಿಟ್ಟು. ಬೂದುಬಣ್ಣದ ಬೆಕ್ಕು ಸಿಮೆಂಟ್ ಬಣ್ಣದ ಸಂದಿಯಲ್ಲಿ ಕಣ್ಣು ಮುಚ್ಚಿ ಕುಳಿತರೆ ಎರಡಡಿ ದೂರದಿಂದಲೂ ತಿಳಿಯುವುದಿಲ್ಲ. ರಾತ್ರಿ, ಅದರಲ್ಲಿಯೂ ವಾಹನಗಳ ಓಡಾಟ ನಿಂತ ಮೇಲೆ, ಟಾರ್ಚ್ ಹಿಡಿದು ಹೊರಟರೆ ಬೇರೆಯೇ ಲೋಕ. ಬೆಕ್ಕಿನ ಅಕ್ಷಿಪಟಲದ ಹಿಂದೆ ಟೇಪೀಟಮ್ ಲೂಸಿಡಮ್ ಎಂಬ ಪ್ರತಿಫಲಕ ಪದರವಿದೆ. ಒಳಹೊಕ್ಕ ಬೆಳಕನ್ನು ಅದು ಬಂದ ದಿಕ್ಕಿಗೇ ಹಿಂತಿರುಗಿಸುತ್ತದೆ. ಈ ಕಾರಣದಿಂದಲೇ ಟಾರ್ಚನ್ನು ಸೊಂಟದ ಬಳಿ ಹಿಡಿದರೆ ಹೊಳಪು ನಮ್ಮ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ, ಕೆನ್ನೆಗೆ ತಾಗಿಸಿ ಕಣ್ಣಿನ ಮಟ್ಟದಲ್ಲಿ ಹಿಡಿದರೆ ಬೀಳುತ್ತದೆ. ಮೊಬೈಲಿನ ಬೆಳಕನ್ನೂ, ಕರೆಂಟ್ ಹೋದಾಗ ಬಳಸುವ ಅಗಲ ಬೆಳಕಿನ ಎಮರ್ಜೆನ್ಸಿ ಲೈಟನ್ನೂ, ಸಾಧಾರಣ ಎಲ್‌ಇಡಿ ಟಾರ್ಚನ್ನೂ ಒಂದೇ ಸಂದಿಯ ಮುಂದೆ ಹಿಡಿದು ನೋಡಿದ್ದೇನೆ. ಕಿರಿದಾದ, ತೀಕ್ಷ್ಣವಾದ ಕಿರಣದ ಟಾರ್ಚಿಗೆ ಉಳಿದೆರಡೂ ಸಾಟಿಯಲ್ಲ. ಮೊದಲ ರಾತ್ರಿ ಹೊಳೆದ ಕಣ್ಣುಗಳೆಲ್ಲ ನಾಯಿಯದೋ ಹೆಗ್ಗಣದ್ದೋ ಆಗಿರುತ್ತವೆ, ಅದಕ್ಕೆ ಎದೆಗುಂದಬೇಕಾಗಿಲ್ಲ.

ಎಷ್ಟು ದೂರದವರೆಗೆ ಹುಡುಕಬೇಕು ಎಂಬ ಪ್ರಶ್ನೆಗೆ 2018ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ನೆರವಾಗುತ್ತದೆ. ಕಾಣೆಯಾದ ಸಾವಿರಕ್ಕೂ ಹೆಚ್ಚು ಬೆಕ್ಕುಗಳ ವಿವರಗಳನ್ನು ಮಾಲೀಕರಿಂದ ಸಂಗ್ರಹಿಸಿದ ಆ ಸಮೀಕ್ಷೆಯಲ್ಲಿ, ದೊರೆತ ಬೆಕ್ಕುಗಳಲ್ಲಿ ಸುಮಾರು ಶೇ. 75ರಷ್ಟು ತಪ್ಪಿಸಿಕೊಂಡ ಜಾಗದಿಂದ 500 ಮೀಟರ್‌ಗಳ ಒಳಗೇ ಸಿಕ್ಕಿದ್ದವು. ಸ್ವತಃ ಓಡಾಡಿ ಹುಡುಕುವುದೇ ಬೆಕ್ಕು ಜೀವಂತ ಸಿಗುವ ಸಂಭವವನ್ನು ಹೆಚ್ಚಿಸಿತ್ತು. ಭಯಸ್ಥ ಬೆಕ್ಕಿಗೆ ಇಷ್ಟು ದೂರವೂ ಬೇಡವೆಂಬುದು ನನ್ನ ಅನುಭವ. ನಮ್ಮಲ್ಲಿ ನೋಡಬೇಕಾದ ಸ್ಥಳಗಳೆಂದರೆ ಎರಡು ಮನೆಗಳ ನಡುವಿನ ಮೂರಡಿ ಸಂದಿ, ಸಂಪಿನ ಮೋಟರ್ ಗೂಡು, ಮೆಟ್ಟಿಲಡಿಯ ಹಳೆಯ ಸಾಮಾನಿನ ರಾಶಿ, ತಾರಸಿಯ ಸಿಂಟೆಕ್ಸ್ ಟ್ಯಾಂಕಿನ ಕೆಳಭಾಗ, ಕವರ್ ಹೊದಿಸಿ ತಿಂಗಳಾನುಗಟ್ಟಲೆ ನಿಲ್ಲಿಸಿದ ಕಾರು, ಕಾಂಗ್ರೆಸ್ ಗಿಡವೂ ಹರಳು ಗಿಡವೂ ಬೆಳೆದ ಖಾಲಿ ನಿವೇಶನ, ಮುರಿದ ಚಪ್ಪಡಿಯ ಕೆಳಗಿನ ಚರಂಡಿ. ನೀಲಿ ಸಿಕ್ಕಿದ್ದು ನಮ್ಮಿಂದ ಒಂದು ಮನೆಯಾಚೆ, ಮೆಟ್ಟಿಲಡಿಯಲ್ಲಿ ಜೋಡಿಸಿಟ್ಟ ಉಳಿಕೆ ಟೈಲ್ಸ್‌ಗಳ ಹಿಂದೆ. ಅದೇ ಮೆಟ್ಟಿಲ ಮುಂದೆ ನಾವೆಲ್ಲ ಹಗಲಿಡೀ ಅವಳನ್ನು ಕೂಗಿಕೊಂಡು ಓಡಾಡಿದ್ದೆವು.

ಹಗಲಿಗೆ ಒಂದು ಅನುಕೂಲವುಂಟು, ಅದನ್ನು ಮರೆಯಬಾರದು: ಕಾಗೆ ಮತ್ತು ಅಳಿಲು. ಅಪರಿಚಿತ ಬೆಕ್ಕೊಂದು ತಮ್ಮ ಸೀಮೆಯಲ್ಲಿ ಕಂಡರೆ ಕಾಗೆಗಳು ಗುಂಪುಗೂಡಿ ಕೆಳಗೆ ನೋಡುತ್ತಾ ಅರಚುತ್ತವೆ, ಅಳಿಲು ಬಾಲ ಕುಣಿಸುತ್ತಾ ಒಂದೇ ಸಮನೆ ಚೀಪ್‌ಗುಟ್ಟುತ್ತದೆ. ಗುಂಡ ಯಾವ ಕಡೆಗೆ ಹೋದನೆಂಬುದರ ಮೊದಲ ಸುಳಿವು ನನಗೆ ಸಿಕ್ಕಿದ್ದು ಹಿಂದಿನ ಬೀದಿಯ ತೆಂಗಿನ ಮರದ ಮೇಲಿನ ಕಾಗೆಗಳಿಂದಲೇ.

ಇನ್ನು ಆಮಿಷ. ಬಳಸಿದ ಮರಳನ್ನು ಹೊರಗಿಡುವ ಸಲಹೆ ಬಹಳ ಪ್ರಚಾರದಲ್ಲಿದೆ, ನನಗೆ ಅದರಲ್ಲಿ ನಂಬಿಕೆಯಿಲ್ಲ. ಗೇಟಿನ ಬಳಿ ಇಟ್ಟ ಮರಳಿಗೆ ಬಂದದ್ದು ಬೀದಿಯ ದಢೂತಿ ಗಂಡುಬೆಕ್ಕು; ಬಂದದ್ದಷ್ಟೇ ಅಲ್ಲ, ಗೇಟಿನ ಕಂಬಕ್ಕೆ ಮೂತ್ರ ಸಿಂಪಡಿಸಿ ಈ ಜಾಗ ತನ್ನದೆಂದು ಸಾರಿಯೂ ಹೋಯಿತು. ಅಂಥ ಕಾವಲುಗಾರನಿರುವ ಕಡೆಗೆ ಬೆದರಿದ ಹೆಣ್ಣು ಬೆಕ್ಕು ಹೇಗೆ ಬಂದೀತು? ಮನೆಯವರು ಉಟ್ಟು ಬಿಟ್ಟ ಬಟ್ಟೆ, ಬೆಕ್ಕು ಮಲಗುತ್ತಿದ್ದ ಚಾದರ ಇವು ಅಷ್ಟು ಅಪಾಯಕಾರಿಯಲ್ಲ, ಆದರೆ ಅವುಗಳಿಂದ ಆದ ಉಪಕಾರವನ್ನೂ ನಾನು ಕಾಣಲಿಲ್ಲ. ಮೀನಿನ ಮಾತು ಬೇರೆ. ಒಣಮೀನು, ಎಣ್ಣೆಯಲ್ಲಿ ಬಾಡಿಸಿದ ಬಂಗುಡೆ, ಪೊಟ್ಟಣದ ಹಸಿ ಆಹಾರ ಈ ಮೂರನ್ನೂ ಹೋಲಿಸಿದಾಗ, ಬಂಗುಡೆಯ ವಾಸನೆಯಷ್ಟು ದೂರ ಬೇರಾವುದೂ ಹರಡುವುದಿಲ್ಲ. ನಮ್ಮ ಬೀದಿಯಲ್ಲಂತೂ ಆ ವಾಸನೆಗೆ ಬೆಕ್ಕಿಗಿಂತ ಮೊದಲು ಎದುರುಮನೆಯವರ ಆಕ್ಷೇಪ ಬಂತು. ಉಪ್ಪು ಹೆಚ್ಚಿರುವ ಒಣಮೀನನ್ನು ಹಸಿದ ಪ್ರಾಣಿಗೆ ಕೊಡದಿರುವುದೇ ಲೇಸು. ಹಾಲನ್ನು ಬಿಟ್ಟುಬಿಡಿ, ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಅದು ಜೀರ್ಣವಾಗುವುದಿಲ್ಲ.

ತಟ್ಟೆ ಬರಿದಾದ ಮಾತ್ರಕ್ಕೆ ನಮ್ಮ ಬೆಕ್ಕು ಬಂದಿತ್ತೆಂದು ಹೇಳುವಂತಿಲ್ಲ. ಇದಕ್ಕೆ ಹಳೆಯ ಮೊಬೈಲನ್ನು ಕ್ಯಾಮೆರಾ ಮಾಡಿ ಕಿಟಕಿಯಲ್ಲಿ ಇಡುವುದೊಂದು ಮಾರ್ಗ, ತಟ್ಟೆಯ ಸುತ್ತ ರಂಗೋಲಿ ಪುಡಿಯನ್ನು ತೆಳುವಾಗಿ ಉದುರಿಸುವುದು ಇನ್ನೊಂದು. ಕ್ಯಾಮೆರಾ ಹೆಚ್ಚು ನಿಖರ, ಆದರೆ ಬ್ಯಾಟರಿ ಮುಗಿಯುವುದು, ಕತ್ತಲಲ್ಲಿ ಚಿತ್ರ ಮಸುಕಾಗುವುದು ಇತ್ಯಾದಿ ರಗಳೆಗಳುಂಟು. ರಂಗೋಲಿ ಪುಡಿ ಬೆಳಗಿನವರೆಗೂ ತನ್ನ ಸಾಕ್ಷ್ಯವನ್ನು ಕಾಪಾಡಿಕೊಂಡಿರುತ್ತದೆ. ನಾಯಿಯ ಹೆಜ್ಜೆಯಲ್ಲಿ ಉಗುರಿನ ಗುರುತು ಬೀಳುತ್ತದೆ. ನಡೆಯುವಾಗ ಉಗುರುಗಳನ್ನು ಒಳಗೆಳೆದುಕೊಳ್ಳುವ ಬೆಕ್ಕಿನ ಹೆಜ್ಜೆಯಲ್ಲಿ ನಾಲ್ಕು ಬೆರಳುಗಳ ದುಂಡನೆಯ ಅಚ್ಚು ಮಾತ್ರ ಇರುತ್ತದೆ. ಟೈಲ್ಸ್ ರಾಶಿಯ ಮುಂದೆ ಇಟ್ಟ ತಟ್ಟೆಯ ಸುತ್ತ ಅಂಥ ಸಣ್ಣ ಅಚ್ಚುಗಳು ರಾಶಿಯ ಕಡೆಯಿಂದಲೇ ಬಂದು ಅಲ್ಲಿಗೇ ಹಿಂತಿರುಗಿದ್ದನ್ನು ನೋಡಿದ ಮೇಲೆ, ನೀಲಿ ಅಲ್ಲಿಯೇ ನೆಲೆಸಿದ್ದಾಳೆಂಬುದರಲ್ಲಿ ಸಂಶಯ ಉಳಿಯಲಿಲ್ಲ.

ಎಲ್ಲಿದ್ದಾಳೆಂದು ತಿಳಿಯುವುದು ಬೇರೆ, ಹಿಡಿಯುವುದು ಬೇರೆ. ಕೈಹಾಕಿ ಹಿಡಿಯುವ ಪ್ರಯತ್ನದಲ್ಲಿ ಟವೆಲ್ ಸುತ್ತಿದ ಕೈಗೂ ಗೀರುಗಳು ತಪ್ಪಲಿಲ್ಲ, ಅವಳು ಮಾತ್ರ ರಾಶಿಯ ಇನ್ನೊಂದು ಬದಿಯಿಂದ ಗೋಡೆಯ ಮೂಲೆಗೆ ಸರಿದುಕೊಂಡಳು. ಬೆದರಿದ ಬೆಕ್ಕು ಕಚ್ಚಿದರೂ ಪರಚಿದರೂ, ಅದು ಸ್ವಂತ ಬೆಕ್ಕೇ ಆಗಿದ್ದರೂ, ಗಾಯವನ್ನು ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ರೇಬೀಸ್ ಲಸಿಕೆಯ ಬಗ್ಗೆ ವೈದ್ಯರನ್ನು ಕಾಣಬೇಕು. ಹೊರಗೆ ಅದು ಯಾರೊಡನೆ ಕಾದಾಡಿದೆಯೋ ಯಾರು ಬಲ್ಲರು. ಹೀಗಾಗಿ ಬೋನಿಗೆ ಮೊರೆಹೋದೆವು. ಬೀದಿಬೆಕ್ಕುಗಳನ್ನು ಹಿಡಿದು ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಯ್ಯುವ ಸ್ವಯಂಸೇವಕರೊಬ್ಬರು ತಮ್ಮ ಬೋನನ್ನು ಎರವಲು ಕೊಟ್ಟರು. ಅದರ ತುದಿಯಲ್ಲಿರುವ ತಗಡನ್ನು ಪ್ರಾಣಿ ತುಳಿದರೆ ಹಿಂದಿನ ಬಾಗಿಲು ಬೀಳುತ್ತದೆ. ಆಹಾರವನ್ನು ತಗಡಿನ ಆಚೆಗೇ ಇಡಬೇಕು, ತಂತಿಯ ತಳ ಪಾದಕ್ಕೆ ಒತ್ತದಂತೆ ಪತ್ರಿಕೆ ಹಾಸಬೇಕು, ಮೇಲೆ ಗೋಣಿಚೀಲ ಹೊದಿಸಬೇಕು, ಬೇರೆಲ್ಲಿಯೂ ಆ ರಾತ್ರಿ ಊಟ ಇಡಬಾರದು. ಇವನ್ನೆಲ್ಲ ಅವರೇ ಹೇಳಿಕೊಟ್ಟರು. ಮೊದಲು ಸಿಕ್ಕಿದ್ದು ಹೆಗ್ಗಣ. ನೀಲಿ ಬಿದ್ದದ್ದು ನಸುಕಿನಲ್ಲಿ, ಹಾಲಿನವರ ಸ್ಕೂಟರ್ ಬರುವುದಕ್ಕಿಂತ ಮೊದಲು.

ಕೈಯಿಂದ ಹಿಡಿಯುವುದಕ್ಕೂ ಬೋನಿಗೂ ಸ್ಪರ್ಧೆಯೇ ಇಲ್ಲವೆನ್ನಬಹುದು, ಆದರೆ ಬೋನಿಗೂ ಅದರದೇ ಆದ ನಿರ್ಬಂಧವಿದೆ: ಅದನ್ನು ಇಟ್ಟು ಹೋಗಿ ಮಲಗುವಂತಿಲ್ಲ. ಸಿಕ್ಕಿಬಿದ್ದ ಬೆಕ್ಕನ್ನು ನಾಯಿಗಳು ಸುತ್ತುವರಿದರೆ, ಬಿಸಿಲು ಏರಿದರೆ, ಅದು ಉಪಕಾರವಲ್ಲ, ಶಿಕ್ಷೆ. ಹಸಿವಾದರೆ ತಾನೇ ಬರುತ್ತದೆಂದು ಕಾಯುವವರಿಗೂ ಒಂದು ಮಾತು: ಬೆಕ್ಕು, ಅದರಲ್ಲಿಯೂ ಮೈತುಂಬಿಕೊಂಡ ಬೆಕ್ಕು, ಕೆಲವು ದಿನ ಪೂರ್ತಿ ಉಪವಾಸವಿದ್ದರೆ ಅದರ ಯಕೃತ್ತಿನಲ್ಲಿ ಕೊಬ್ಬು ಶೇಖರವಾಗಿ ಪ್ರಾಣಕ್ಕೇ ಅಪಾಯ ಒದಗಬಹುದು.

ಗುಂಡನ ಮಟ್ಟಿಗೆ ಈ ಕ್ರಮವೆಲ್ಲ ತಲೆಕೆಳಗಾಯಿತು. ಟಾರ್ಚು, ಮೀನು ಯಾವುದಕ್ಕೂ ಅವನು ಹತ್ತಿರದಲ್ಲಿರಲೇ ಇಲ್ಲ. ನೀಲಿಯ ವಿಷಯದಲ್ಲಿ ಗದ್ದಲವನ್ನಷ್ಟೇ ಹೆಚ್ಚಿಸಿದ ವಾಟ್ಸ್‌ಆ್ಯಪ್ ಗುಂಪಿನ ಸಂದೇಶ ಮತ್ತು ಗೋಡೆಯ ಮೇಲಿನ ಚೀಟಿ ಇಲ್ಲಿ ಕೆಲಸ ಮಾಡಿದವು. ಎರಡರಲ್ಲಿ ಚೀಟಿಯೇ ಮೇಲೆಂಬುದು ನನ್ನ ಎಣಿಕೆ, ಏಕೆಂದರೆ ನಸುಕಿನಲ್ಲಿ ಬೀದಿಯನ್ನು ನಿಜವಾಗಿ ನೋಡುವ ಪೌರಕಾರ್ಮಿಕರು, ಪೇಪರ್ ಹಾಕುವ ಹುಡುಗರು, ಕಟ್ಟಡಗಳ ಕಾವಲುಗಾರರು ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇರುವುದಿಲ್ಲ. ದೊಡ್ಡ ಚಿತ್ರ, ಕನ್ನಡ, ತಮಿಳು, ಹಿಂದಿಯಲ್ಲಿ ಒಂದೊಂದು ಸಾಲು, ಫೋನ್ ಸಂಖ್ಯೆ, ಇಷ್ಟಿದ್ದರೆ ಸಾಕು. ಎರಡು ಬೀದಿಯಾಚೆ ಕಟ್ಟಡವೊಂದರ ಕಾವಲುಗಾರರು ಚೀಟಿ ನೋಡಿ ಕರೆ ಮಾಡಿದರು. ಗುಂಡ ಅವರ ಕೋಣೆಯಲ್ಲಿ ಅನ್ನ, ಮೊಟ್ಟೆ ತಿಂದು ಮಂಚದ ಮೇಲೆ ಮಲಗಿದ್ದ. ಕೂಗಿದಾಗ ಕಣ್ಣು ತೆರೆದ, ಡಬ್ಬಿ ಅಲ್ಲಾಡಿಸಿದಾಗ ಎದ್ದು ಬಂದ.

ತಂತ್ರಜ್ಞಾನದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಚರ್ಮದಡಿಯ ಮೈಕ್ರೋಚಿಪ್ ಜಿಪಿಎಸ್ ಅಲ್ಲ; ಅದರಲ್ಲಿರುವುದು 15 ಅಂಕಿಗಳ ಸಂಖ್ಯೆ, ರೀಡರನ್ನು ಮೈಗೆ ಹತ್ತಿರ ಹಿಡಿದರೆ ಮಾತ್ರ ಅದನ್ನು ಓದಬಹುದು. ಬೆಕ್ಕು ಸಿಕ್ಕಿದ ಮೇಲೆ ಯಾರದೆಂದು ತಿಳಿಸುತ್ತದೆಯೇ ಹೊರತು ಹುಡುಕಿಕೊಡುವುದಿಲ್ಲ. ಕೊರಳಪಟ್ಟಿಗೆ ಕಟ್ಟುವ ಬ್ಲೂಟೂತ್ ಟ್ಯಾಗ್ ಹತ್ತಿರದಲ್ಲಿ ಹಾದುಹೋಗುವವರ ಫೋನುಗಳನ್ನು ಅವಲಂಬಿಸಿದೆ. ಗುಂಡನಿಗೆ ಆಮೇಲೆ ಕಟ್ಟಿ ಪರೀಕ್ಷಿಸಿದಾಗ ಅದು ಮನೆಯನ್ನು ಸರಿಯಾಗಿಯೇ ತೋರಿಸಿತು, ಅವನು ಮೂರನೆಯ ಮಹಡಿಯ ತಾರಸಿಯಲ್ಲಿದ್ದಾನೋ ನೆಲಮಹಡಿಯಲ್ಲಿದ್ದಾನೋ ಎಂಬುದನ್ನು ಹೇಳಲಿಲ್ಲ. ಕೊಂಬೆಗೆ ಸಿಕ್ಕಿಕೊಂಡರೆ ತಾನಾಗಿ ಬಿಚ್ಚಿಕೊಳ್ಳುವ ಪಟ್ಟಿಯಲ್ಲಿ ಕಟ್ಟುವುದಾದರೆ ಮಾತ್ರ ಇದನ್ನು ಒಪ್ಪಬಹುದು.

ಮರಳಿ ಬಂದ ಬೆಕ್ಕನ್ನು ಒಳಗಿದ್ದ ಬೆಕ್ಕು ಗುರುತಿಸುತ್ತದೆಂದು ಭಾವಿಸಬೇಡಿ. ನೀಲಿಯ ಮೈಯಲ್ಲಿ ಚರಂಡಿ, ಗೋಣಿಚೀಲ, ಪಶುವೈದ್ಯರ ಮೇಜು ಎಲ್ಲದರ ವಾಸನೆಯೂ ಇದ್ದುದರಿಂದ ಗುಂಡ ಅವಳನ್ನು ಕಂಡು ಬಾಲ ಉಬ್ಬಿಸಿ ಬುಸುಗುಟ್ಟಿದ. ಸ್ನಾನ ಮಾಡಿಸಿ ಎಂಬ ಸಲಹೆಯನ್ನು ಪಾಲಿಸಿದೆವು. ಶಾಂಪೂವಿನ ವಾಸನೆ ಸೇರಿ ಪರಿಸ್ಥಿತಿ ಇನ್ನೂ ಬಿಗಡಾಯಿಸಿತು. ಅವಳನ್ನು ಬೇರೆ ಕೋಣೆಯಲ್ಲಿ ಇರಿಸಿ, ಗುಂಡನ ಕೆನ್ನೆಗೆ ಉಜ್ಜಿದ ಟವೆಲನ್ನು ಅವಳ ಮೈಗೂ ಅವಳದನ್ನು ಅವನ ಮೈಗೂ ಸವರುತ್ತಾ, ಮುಚ್ಚಿದ ಬಾಗಿಲಿನ ಎರಡೂ ಬದಿಗಳಲ್ಲಿ ಏಕಕಾಲಕ್ಕೆ ಊಟವಿಡುತ್ತಾ ಹೋದ ಮೇಲೆ ಬುಸುಗುಟ್ಟುವುದು ಕಡಿಮೆಯಾಯಿತು. ಬಾಲ್ಕನಿಗೆ ಈಗ ನೈಲಾನಿನ ಬದಲು ಸ್ಟೀಲ್ ಜಾಲರಿ ಹಾಕಿಸಿದ್ದೇವೆ.