ಒಂದೇ ಫೋನ್, ಗೂಗಲ್ ಬಿಟ್ಟು ಮೂರು ದಾರಿ

ಹೋದ ವರ್ಷ ಸೆಕೆಂಡ್ ಹ್ಯಾಂಡ್ ಪಿಕ್ಸೆಲ್ 6ಎ ಕೊಂಡೆ. "ಗೂಗಲ್ ಬಿಡೋಕೆ ಗೂಗಲ್ ಫೋನೇ ಬೇಕೇನಣ್ಣ?" ಅಂದ ತಮ್ಮ. ಬೇಕಿತ್ತು. ಫೋನ್ ಜೊತೆ ಬಂದ ಸಿಸ್ಟಮ್ ತೆಗೆದು ಅದರ ಜಾಗದಲ್ಲಿ ಹಾಕಿಕೊಳ್ಳೋಕೆ ಗೂಗಲ್ ಆಪ್ ಇಲ್ಲದ ಆಂಡ್ರಾಯ್ಡ್ ರೂಪಗಳಿವೆ. ಲೀನಿಯೇಜ್‌ಓಎಸ್, ಗ್ರಾಫೀನ್‌ಓಎಸ್ ಅಂಥವು. ನಾನು ಕೊಂಡಾಗ ಗ್ರಾಫೀನ್‌ಓಎಸ್ ಪಿಕ್ಸೆಲ್‌ಗಳಿಗೆ ಮಾತ್ರ ಸಿಗುತ್ತಿತ್ತು. ಬರೀ ಲೀನಿಯೇಜ್‌ಓಎಸ್, ಮೈಕ್ರೋಜಿ (ಅದೇನು ಅಂತ ಮುಂದೆ ಹೇಳುತ್ತೇನೆ) ಸೇರಿದ ಲೀನಿಯೇಜ್, ಆಮೇಲೆ ಗ್ರಾಫೀನ್, ಮೂರನ್ನೂ ಒಂದೊಂದು ತಿಂಗಳು ಬಳಸಿದೆ.

ಬರೀ ಲೀನಿಯೇಜ್‌ನಲ್ಲಿ ಗೂಗಲ್ ಆಪ್ ಒಂದೂ ಇಲ್ಲ. ಮುಕ್ತ ತಂತ್ರಾಂಶಗಳ ಆಪ್ ಅಂಗಡಿ ಎಫ್-ಡ್ರಾಯ್ಡ್ ಹಾಕಿಕೊಂಡು ಅಲ್ಲಿಂದ ಆರ್ಗ್ಯಾನಿಕ್ ಮ್ಯಾಪ್ಸ್, ಯೂಟ್ಯೂಬ್ ನೋಡೋಕೆ ನ್ಯೂಪೈಪ್, ಕನ್ನಡ ಬರೆಯೋಕೆ ಇಂಡಿಕ್ ಕೀಬೋರ್ಡ್ ಇಳಿಸಿದೆ. ಮ್ಯಾಪ್ ಮೊದಲೇ ಇಳಿಸಿಟ್ಟರೆ ನೆಟ್ ಇಲ್ಲದ ಘಾಟಿಯಲ್ಲೂ ದಾರಿ ತೋರಿಸುತ್ತದೆ. ಆ ತಿಂಗಳು ಫೋನ್ ನಿಜಕ್ಕೂ ನನ್ನದು ಅನ್ನಿಸಿತು.

ತೊಂದರೆ ಬಂದದ್ದು ನೋಟಿಫಿಕೇಶನ್‌ನಲ್ಲಿ. ಹೆಚ್ಚಿನ ಆಪ್‌ಗಳು ಮೆಸೇಜ್ ಬಂತು ಅನ್ನೋ ಸುದ್ದಿಗೆ ಗೂಗಲ್‌ನ ಪುಶ್ ಸೇವೆಯನ್ನೇ ನೆಚ್ಚಿಕೊಂಡಿವೆ. ಸಿಗ್ನಲ್ ಅನ್ನೋ ಮೆಸೇಜ್ ಆಪ್ ಹಾಗಲ್ಲ, ಆ ಸೇವೆ ಇಲ್ಲದಿದ್ದರೆ ತನ್ನದೇ ಸಂಪರ್ಕ ಇಟ್ಟುಕೊಳ್ಳುತ್ತದೆ, ಬ್ಯಾಟರಿ ಸ್ವಲ್ಪ ಜಾಸ್ತಿ ತಿನ್ನುತ್ತದೆ ಅಷ್ಟೆ. ಅಕ್ಕ ಬೇರೊಂದು ಆಪ್‌ನಲ್ಲಿ ಬೆಳಿಗ್ಗೆ "ಬಸ್ ಹತ್ತಿದೆ" ಅಂತ ಕಳಿಸಿದ್ದು ನಾನು ನೋಡಿದ್ದು ಮಧ್ಯಾಹ್ನ.

ಒಂದು ಸಂಜೆ ತರಕಾರಿ ಅಂಗಡಿ ಮುಂದೆ ಬ್ಯಾಂಕ್ ಆಪ್ ತೆರೆದೆ. "ಈ ಸಾಧನ ಸುರಕ್ಷಿತವಲ್ಲ" ಅಂತ ಬರೆದು ಮುಚ್ಚಿಕೊಂಡಿತು. ಜೇಬಲ್ಲಿ ಚಿಲ್ಲರೆ ಇಲ್ಲ, ಅಂಗಡಿಯಮ್ಮ ಸೊಪ್ಪಿನ ಕಟ್ಟು ಹಿಡಿದು ನಿಂತಿದ್ದಾರೆ. *99# ಡಯಲ್ ಮಾಡಿದೆ. 1 ಒತ್ತಿ, ಅವರ ಮೊಬೈಲ್ ನಂಬರ್ ಹಾಕಿ, 45 ಅಂತ ಬರೆದು, ಯುಪಿಐ ಪಿನ್ ಕೊಟ್ಟೆ. ಹಣ ಹೋಯಿತು. ಆಪ್ ಬೇಡ, ಇಂಟರ್ನೆಟ್ಟೂ ಬೇಡ. ಈ ದಾರಿ ಎಲ್ಲರಿಗೂ ಗೊತ್ತಿರಬೇಕು.

ಮೈಕ್ರೋಜಿ ಅಂದರೆ ಗೂಗಲ್ ಪ್ಲೇ ಸರ್ವಿಸಸ್ (ಪುಶ್‌ನಂಥ ಗೂಗಲ್ ಸೇವೆಗಳನ್ನು ಬೇರೆ ಆಪ್‌ಗಳಿಗೆ ಒದಗಿಸುವ ತಂತ್ರಾಂಶ) ಜಾಗದಲ್ಲಿ ಕೂತು ಅದರ ಕೆಲಸದಲ್ಲಿ ಒಂದಷ್ಟನ್ನು ಮಾಡುವ ಮುಕ್ತ ತಂತ್ರಾಂಶ. ಹಾಕಿದ ದಿನವೇ ಮೆಸೇಜ್‌ಗಳು ಹೊತ್ತಿಗೆ ಸರಿಯಾಗಿ ಬಂದವು. ಆದರೆ ಪುಶ್ ಆನ್ ಮಾಡಿದರೆ ಇದೂ ಗೂಗಲ್ ಸರ್ವರ್ ಜೊತೆ ಮಾತಾಡುತ್ತದೆ, ಇದನ್ನು ಮುಚ್ಚಿಡಬಾರದು. ಬ್ಯಾಂಕ್ ಆಪ್ ಇಲ್ಲೂ ಒಪ್ಪಲಿಲ್ಲ.

ಮೂರರಲ್ಲಿ ಗ್ರಾಫೀನ್ ಹಾಕೋದೇ ಎಲ್ಲಕ್ಕಿಂತ ಸುಲಭ. ಕೇಬಲ್ ಚುಚ್ಚಿ, ಬ್ರೌಸರ್‌ನಲ್ಲಿ ಅವರ ಪುಟ ಹೇಳಿದ ಹಾಗೆ ಒತ್ತುತ್ತಾ ಹೋದರಾಯಿತು. ಕೊನೆಗೆ, ಫೋನ್ ಆನ್ ಆದಾಗ ಸಿಸ್ಟಮ್ಮನ್ನು ಎಬ್ಬಿಸುವ ಬೂಟ್‌ಲೋಡರ್ ಮತ್ತೆ ಲಾಕ್ ಮಾಡಬಹುದು. ಬೇಕಾದವರು ಗೂಗಲ್‌ನ ಅಸಲಿ ಪ್ಲೇ ಸರ್ವಿಸಸ್ಸನ್ನೇ ಹಾಕಿಕೊಳ್ಳಬಹುದು. ಅದಕ್ಕೆ ಇಲ್ಲಿ ವಿಶೇಷ ಅಧಿಕಾರ ಇಲ್ಲ, ಬೇರೆ ಆಪ್‌ಗಳ ಹಾಗೆ ಅದೂ ಅನುಮತಿ ಕೇಳಬೇಕು. ನನ್ನ ಬ್ಯಾಂಕ್ ಆಪ್ ಇಲ್ಲಿ ತೆರೆಯಿತು. ಎಲ್ಲ ಬ್ಯಾಂಕಿನದೂ ತೆರೆಯುತ್ತದೆ ಅಂತ ಅಲ್ಲ.

ಗೂಗಲ್ ಕೋಡ್ ಒಂದು ಸಾಲೂ ಬೇಡ ಅನ್ನುವವರಿಗೆ ಇದು ರುಚಿಸಲಿಕ್ಕಿಲ್ಲ. ನನಗೂ ಮೊದಲು ಕಸಿವಿಸಿ ಆಯಿತು. ಆದರೂ ಗ್ರಾಫೀನನ್ನೇ ಉಳಿಸಿಕೊಂಡೆ. ಇದರಲ್ಲಿ ಒಂದೇ ಫೋನನ್ನು ಬೇರೆ ಬೇರೆ ಪ್ರೊಫೈಲ್, ಅಂದರೆ ಪ್ರತ್ಯೇಕ ಖಾನೆಗಳಾಗಿ ಬಳಸಬಹುದು. ಮುಖ್ಯ ಪ್ರೊಫೈಲ್‌ನಲ್ಲಿ ಗೂಗಲ್ ಇಲ್ಲ. ಬ್ಯಾಂಕ್ ಆಪ್, ಪ್ಲೇ ಸರ್ವಿಸಸ್ ಎರಡೂ ಇನ್ನೊಂದು ಪ್ರೊಫೈಲ್‌ನಲ್ಲಿವೆ. ಕೆಲಸ ಮುಗಿದ ಮೇಲೆ ಆ ಸೆಷನ್ ಮುಗಿಸಿಬಿಡುತ್ತೇನೆ. ಅಲ್ಲಿಗೆ ಅಲ್ಲಿದ್ದ ಆಪ್‌ಗಳೆಲ್ಲ ನಿಲ್ಲುತ್ತವೆ. ಅಕ್ಕನ ಹಳೇ ಫೋನ್‌ಗೆ ಗ್ರಾಫೀನ್ ಬರಲ್ಲ. ಅದಕ್ಕೆ ಮೈಕ್ರೋಜಿ ಲೀನಿಯೇಜ್ ಹಾಕಿಕೊಟ್ಟಿದ್ದೇನೆ.