ಪವರ್‌ವಾಲ್ಟ್ ಎಂಇ4024, ಐದು ವರ್ಷದ ನಂತರ

ಪೀಣ್ಯದಲ್ಲಿ ನಮ್ಮದು ಬಿಡಿಭಾಗ ತಯಾರಿಸುವ ಕಾರ್ಖಾನೆ. ಮೂರು ಸರ್ವರ್, ಅವುಗಳಲ್ಲಿ ಇಆರ್‌ಪಿ (ಕಾರ್ಖಾನೆಯ ವ್ಯವಹಾರವನ್ನೆಲ್ಲ ನೋಡುವ ಸಾಫ್ಟ್‌ವೇರ್), ಟ್ಯಾಲಿ, ಡ್ರಾಯಿಂಗ್ ಫೈಲುಗಳು. ಸ್ಟೋರೇಜ್ ನಿಂತರೆ ಬಿಲ್ ಆಗುವುದಿಲ್ಲ, ಲಾರಿ ಗೇಟಿನಲ್ಲೇ ನಿಲ್ಲುತ್ತದೆ. 2021ರಲ್ಲಿ ಸ್ಯಾನ್, ಅಂದರೆ ಎಲ್ಲಾ ಸರ್ವರ್‌ಗಳೂ ನೆಟ್‌ವರ್ಕ್ ಮೂಲಕ ಹಂಚಿಕೊಳ್ಳುವ ಡಿಸ್ಕ್ ಪೆಟ್ಟಿಗೆ, ಕೊಳ್ಳಲು ಹೊರಟಾಗ ನನಗಿದ್ದದ್ದು ಇದೇ ಭಯ.

ಕೊನೆಗೆ ಉಳಿದದ್ದು ಮೂರು: ಡೆಲ್ ಪವರ್‌ವಾಲ್ಟ್ ಎಂಇ4024, ಎಚ್‌ಪಿಇ ಎಂಎಸ್‌ಎ 2060, ಇನ್ನೊಂದು ದುಬಾರಿ ಪೆಟ್ಟಿಗೆ. ಮೂರರ ಮಾರಾಟಗಾರರೂ ಐಆಪ್ಸ್ (ಸೆಕೆಂಡಿಗೆ ಎಷ್ಟು ಸಲ ಓದಿ-ಬರೆಯಬಲ್ಲದು ಅನ್ನುವ ಲೆಕ್ಕ) ಎಷ್ಟು ಅಂತ ಹೇಳುತ್ತಲೇ ಇದ್ದರು. ನಾನು ಕೇಳಿದ್ದು ಒಂದೇ: ವರ್ಚುವಲ್ ಮೆಷಿನ್ (ಸರ್ವರ್ ಒಳಗೆ ಓಡುವ ಸಾಫ್ಟ್‌ವೇರ್ ಕಂಪ್ಯೂಟರ್) ಓಡುತ್ತಿರುವಾಗಲೇ, ಪೆಟ್ಟಿಗೆಯನ್ನು ನಡೆಸುವ ಎರಡು ಕಂಟ್ರೋಲರ್‌ಗಳಲ್ಲಿ ಒಂದನ್ನು ಎಳೆದು ತೋರಿಸಿ. ದುಬಾರಿ ಪೆಟ್ಟಿಗೆಯವರು ಒಪ್ಪಲಿಲ್ಲ. ಮೇಲಾಗಿ ರೆಪ್ಲಿಕೇಶನ್‌ಗೆ (ಇನ್ನೊಂದು ಪೆಟ್ಟಿಗೆಗೆ ನಕಲು ಕಳಿಸುವುದಕ್ಕೆ) ಬೇರೆ ಲೈಸೆನ್ಸ್ ಅಂದರು. ಎಂಇ4024ನಲ್ಲಿ ಸ್ನ್ಯಾಪ್‌ಶಾಟ್ (ಆ ಕ್ಷಣದ ಡೇಟಾದ ಪ್ರತಿ), ರೆಪ್ಲಿಕೇಶನ್ ಎಲ್ಲಾ ಬೆಲೆಯಲ್ಲೇ ಸೇರಿತ್ತು. ಅದನ್ನೇ ತಗೊಂಡೆವು. ಸ್ಟೋರೇಜಿಗೆಂದೇ ಇರುವ ಫೈಬರ್ ಚಾನೆಲ್ ನೆಟ್‌ವರ್ಕಿಗೆ ಬೇರೆ ಸ್ವಿಚ್, ಬೇರೆ ಕಾರ್ಡ್ ಬೇಕಾಗುತ್ತಿತ್ತು. ಹಾಗಾಗಿ ಮಾಮೂಲಿ ಈಥರ್ನೆಟ್ ಮೇಲೆಯೇ ಓಡುವ 10 ಗಿಗಾಬಿಟ್ ಐಸ್ಕಸಿ (iSCSI) ಸಾಕು ಅಂದುಕೊಂಡೆವು. ಅದು ಇವತ್ತಿಗೂ ಸಾಕಾಗಿದೆ.

1.8 ಟಿಬಿಯ 24 ಡಿಸ್ಕ್ ಹಾಕಿದೆವು. ಕಾಗದದ ಮೇಲೆ 43 ಟಿಬಿ, ಕೈಗೆ ಸಿಕ್ಕಿದ್ದು 30ರ ಆಸುಪಾಸು; ಉಳಿದದ್ದು ಡಿಸ್ಕ್ ಹೋದರೆ ಡೇಟಾ ಉಳಿಸುವ ವ್ಯವಸ್ಥೆಗೆ ಹೋಯಿತು. ಕೊಟೇಶನ್ ನೋಡುವಾಗ ಈ ಎರಡನೇ ಲೆಕ್ಕವನ್ನೇ ಕೇಳಿ. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಅಡಾಪ್ಟ್ ಅನ್ನುವ ರೇಡ್ ವಿಧಾನ (ಡಿಸ್ಕ್ ಹೋದರೂ ಡೇಟಾ ಉಳಿಯುವಂತೆ ಹಲವು ಡಿಸ್ಕಿಗೆ ಹಂಚುವುದೇ ರೇಡ್). ಇದಕ್ಕೆ ಕನಿಷ್ಠ 12 ಡಿಸ್ಕ್ ಬೇಕು. ಹಳೇ ರೇಡ್‌ನಲ್ಲಿ ಹೋದ ಡಿಸ್ಕಿನ ಡೇಟಾವನ್ನೆಲ್ಲ ಒಂದೇ ಸ್ಪೇರ್ ಡಿಸ್ಕಿಗೆ ಬರೆಯಬೇಕು, ಅದು ಬರೆಯುವಷ್ಟೇ ವೇಗ. ಅಡಾಪ್ಟ್‌ನಲ್ಲಿ ಸ್ಪೇರ್ ಜಾಗ ಎಲ್ಲಾ ಡಿಸ್ಕಿನಲ್ಲೂ ಹಂಚಿರುತ್ತದೆ, ಎಲ್ಲವೂ ಸೇರಿ ಕೆಲಸ ಮುಗಿಸುತ್ತವೆ. ಚಾಲೂ ಮಾಡುವ ಮೊದಲು ಡೇಟಾ ತುಂಬಿಸಿ, ಸಂಜೆ ನಾನೇ ಒಂದು ಡಿಸ್ಕ್ ಎಳೆದೆ. ಬೆಳಗ್ಗೆ ಬಂದಾಗ ಎಲ್ಲ ಸರಿಯಾಗಿತ್ತು. ಆ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ, ಆಮೇಲೆ ಚೆನ್ನಾಗಿ ಬಂತು.

ಮೊದಲ ತಿಂಗಳು ಬ್ಯಾಕಪ್ ತುಂಬಾ ನಿಧಾನ ಇತ್ತು. ತಪ್ಪು ನಮ್ಮದೇ. ಸರ್ವರ್, ಸ್ಟೋರೇಜ್ ಎರಡರಲ್ಲೂ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಬೈಟಿನಲ್ಲಿ) 9000, ಸ್ವಿಚ್ಚಿನ ಒಂದು ಪೋರ್ಟಿನಲ್ಲಿ ಮಾತ್ರ 1500. ತುಂಡು ಮಾಡದ ಹಾಗೆ 8972 ಬೈಟಿನ ಪಿಂಗ್ ಕಳಿಸಿದರೆ ಇದು ತಕ್ಷಣ ಸಿಕ್ಕಿಬೀಳುತ್ತದೆ. ಎರಡು ಕಂಟ್ರೋಲರಿನಿಂದಲೂ ಎರಡೂ ಸ್ವಿಚ್ಚಿಗೆ ಕೇಬಲ್ ಹೋಗಿರಲಿ, ಸರ್ವರಿನಲ್ಲಿ ಮಲ್ಟಿಪಾತ್ (ಒಂದು ದಾರಿ ಕಡಿದರೆ ಇನ್ನೊಂದನ್ನು ಹಿಡಿಯುವ ವ್ಯವಸ್ಥೆ) ಹಾಕಿರಲಿ. ಅದಿಲ್ಲದೆ ಎರಡು ಕಂಟ್ರೋಲರ್ ಇದ್ದೂ ಸುಮ್ನೆ, ಅಲ್ವಾ?

ಇದರಲ್ಲಿ ಡೀಡುಪ್ (ಒಂದೇ ಡೇಟಾ ಹಲವು ಸಲ ಇದ್ದರೆ ಒಂದೇ ಪ್ರತಿ ಇಡುವುದು) ಇಲ್ಲ, ಡೇಟಾ ಕುಗ್ಗಿಸುವ ಕಂಪ್ರೆಶನ್ ಇಲ್ಲ. ಒಂದೇ ತರಹದ ವರ್ಚುವಲ್ ಡೆಸ್ಕ್‌ಟಾಪ್ ಜಾಸ್ತಿ ಇರುವವರು ಬೇರೆ ನೋಡುವುದು ಒಳ್ಳೆಯದು. ಸಪೋರ್ಟ್ ನವೀಕರಣದ ದರವನ್ನಂತೂ ಕೊಳ್ಳುವ ದಿನವೇ ಬರೆಸಿಕೊಳ್ಳಿ. ನಾವು ಬರೆಸಿಕೊಂಡಿರಲಿಲ್ಲ. ಈ ವರ್ಷ ಆ ಮಾತುಕತೆಗೇ ಮೂರು ವಾರ ಹೋಯಿತು.